ವಾಲ್ಟರ್ ಕಾಡೆನ್: ಪೈಪಿನೊಳಗಿನ ಸದ್ದನ್ನು ಶಕ್ತಿಯಾಗಿಸಿದವನ ಜಾಣ್ಮೆ ಯಾರ ಸ್ವತ್ತು?

ಅಮೆರಿಕದ ಮಿನ್ನೆಸೋಟಾ, ಕೆನಡಾದ ಕ್ವಿಬೆಕ್ ಕಡೆ ಹಿಮ ಬೀಳೋಕೆ ಶುರುವಾದ್ರೆ ಹುಡುಗರು ಶೆಡ್‌ನಿಂದ ಸ್ನೋಮೊಬೈಲ್ ಹೊರಗೆ ತೆಗೀತಾರೆ. ಮುಂದೆ ಎರಡು ಸ್ಕೀ, ಹಿಂದೆ ಯುದ್ಧದ ಟ್ಯಾಂಕಿಗೆ ಇರುವಂಥ ಉದ್ದನೆಯ ಪಟ್ಟಿ, ಆದರೆ ರಬ್ಬರಿನದು. ನಡುವೆ ಒಂದು ಟೂ ಸ್ಟ್ರೋಕ್ ಎಂಜಿನ್. ಇವರಲ್ಲಿ ವೇಗದ ಹುಚ್ಚಿರುವವರು ಮೊದಲು ಮಾಡುವ ಕೆಲಸ, ಕಂಪನಿ ಕೊಟ್ಟ ಸೈಲೆನ್ಸರ್ ಬಿಚ್ಚಿ ಎಸೆದು ಹೊರಗಿನಿಂದ ತಂದ ಪೈಪ್ ಹಾಕುವುದು. ನಮ್ಮಲ್ಲಿ ಆರ್‌ಎಕ್ಸ್ 100 ಇಟ್ಟುಕೊಂಡವರು ಮಾಡ್ತಾರಲ್ಲ, ಅದೇ.

ಪೈಪ್ ಹಾಕಿದ ಮೇಲೆ ಅಸಲಿ ತಲೆನೋವು ಶುರು. ಹಳೇ ಜೆಟ್‌ಗಳನ್ನೇ ಇಟ್ಟುಕೊಂಡು ಪೂರ್ತಿ ರೇಸ್ ಕೊಟ್ಟರೆ ಪಿಸ್ಟನ್‌ಗೆ ತೂತು ಬಿದ್ದರೂ ಬಿತ್ತು. ಹೊಸ ಪೈಪು ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತೆ, ಪೆಟ್ರೋಲ್ ಮಾತ್ರ ಹಳೇ ಲೆಕ್ಕದಲ್ಲೇ ಬರುತ್ತೆ. ಗಾಳಿ ಜಾಸ್ತಿ, ಇಂಧನ ಕಮ್ಮಿ ಆದಾಗ ಉರಿ ವಿಪರೀತ ಬಿಸಿಯಾಗುತ್ತೆ, ಅಲ್ಯುಮಿನಿಯಂ ಪಿಸ್ಟನ್ ಅದನ್ನು ತಡ್ಕೊಳ್ಳಲ್ಲ. ಹಾಗಾಗಿ ಕಾರ್ಬೊರೇಟರಿನ ಮೇನ್ ಜೆಟ್ ಬದಲಿಸಿ ದೊಡ್ಡ ತೂತಿನದನ್ನು ಹಾಕಬೇಕು. ಎಷ್ಟು ದೊಡ್ಡದು ಅನ್ನೋದು ಹವಾಮಾನದ ಮೇಲೆ ನಿಂತಿರುತ್ತೆ. ಮೈನಸ್ 30 ಡಿಗ್ರಿಯ ಗಾಳಿ ನಮ್ಮ 20 ಡಿಗ್ರಿಯ ಗಾಳಿಗಿಂತ ಸುಮಾರು ಶೇ. 20ರಷ್ಟು ದಟ್ಟ, ಅದಕ್ಕೆ ಇನ್ನಷ್ಟು ಪೆಟ್ರೋಲ್ ಬೇಕು. ಅದೇ ಬಂಡಿಯನ್ನು ಎತ್ತರದ ಬೆಟ್ಟಕ್ಕೆ ಒಯ್ದರೆ ಗಾಳಿ ತೆಳು, ಜೆಟ್ ಚಿಕ್ಕದಾಗಬೇಕು. ಹೀಗೆ ಬದಲಿಸ್ತಾ, ಪ್ಲಗ್ ಬಿಚ್ಚಿ ಬಣ್ಣ ನೋಡ್ತಾ, ಮತ್ತೆ ಬದಲಿಸ್ತಾ ಅರ್ಧ ದಿನ ಹೋಗುತ್ತೆ.

ಅಷ್ಟಕ್ಕೇ ಮುಗಿಯಲ್ಲ, ಕ್ಲಚ್ ಉಳಿದಿದೆ. ಸ್ನೋಮೊಬೈಲಿಗೆ ಗೇರ್ ಇಲ್ಲ. ನಮ್ಮ ಗೇರ್‌ಲೆಸ್ ಸ್ಕೂಟರಿನ ಹಾಗೆ ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಎಂಜಿನ್ ವೇಗ ಏರಿದಂತೆ ಮುಂದಿನ ಪುಲ್ಲಿಯಲ್ಲಿರುವ ತೂಕಗಳು ಹೊರಕ್ಕೆ ಚಾಚಿ ಅದರ ಎರಡು ತಟ್ಟೆಗಳನ್ನು ಹತ್ತಿರ ತಳ್ಳುತ್ತವೆ, ಬೆಲ್ಟ್ ಮೇಲೆ ಹತ್ತುತ್ತೆ, ಬಂಡಿ ಮುಂದಿನ ಗೇರಿಗೆ ಹೋದಂತಾಗುತ್ತೆ. ಹೊಸ ಪೈಪ್ ತನ್ನ ಪೂರ್ತಿ ಶಕ್ತಿ ಕೊಡೋದು 8,500 ಆರ್‌ಪಿಎಂನಲ್ಲಿ ಅಂತಿಟ್ಟುಕೊಳ್ಳಿ. ಹಳೇ ತೂಕಗಳು ಎಂಜಿನ್ನನ್ನು 8,000ದಲ್ಲೇ ಕಟ್ಟಿಹಾಕಿದರೆ ದುಡ್ಡು ಕೊಟ್ಟು ತಂದ ಪೈಪ್ ಬರೀ ಸದ್ದಿಗೆ ಮಾತ್ರ. ತೂಕ ಹಗುರ ಮಾಡಿ, ಸ್ಪ್ರಿಂಗ್ ಬದಲಿಸಿ, ಎಂಜಿನ್ ಆ 8,500ರಲ್ಲೇ ನಿಲ್ಲುವ ಹಾಗೆ ಮಾಡಬೇಕು. ಅದೂ ಪೈಪ್ ಚೆನ್ನಾಗಿ ಕಾದ ಮೇಲೇ ನೋಡಬೇಕು. ಬಿಸಿ ಹೊಗೆಯಲ್ಲಿ ಶಬ್ದದ ಅಲೆ ಇನ್ನೂ ಜೋರಾಗಿ ಓಡುತ್ತೆ, ಹಾಗಾಗಿ ಪೈಪ್ ಕೆಲಸ ಮಾಡುವ ಆರ್‌ಪಿಎಂ ಕೂಡ ಮೇಲಕ್ಕೆ ಸರಿಯುತ್ತೆ.

ಒಂದು ಖಾಲಿ ತಗಡಿನ ಕೊಳವೆ, ಒಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಅದು ಇಡೀ ಯಂತ್ರವನ್ನು ಹೀಗೆ ಕುಣಿಸುತ್ತೆ ಅಂದ್ರೆ ಆಶ್ಚರ್ಯ ಅಲ್ವಾ? ಆ ಕೊಳವೆಯನ್ನು ವಿಜ್ಞಾನ ಮಾಡಿದವನ ಹೆಸರು ವಾಲ್ಟರ್ ಕಾಡೆನ್. ಟೂ ಸ್ಟ್ರೋಕ್ ಎಂಜಿನ್ ಬಗ್ಗೆ ಓದಿದವರಿಗೆಲ್ಲ ಗೊತ್ತಿರೋ ಹೆಸರು, ರಾಜಕೀಯ ಓದುವ ನಮ್ಮಂಥವರಿಗೆ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರಬೇಕು ಅನ್ನೋದು ನನ್ನ ವಾದ. ಈ ಮನುಷ್ಯ ನಾಜಿ ಜರ್ಮನಿಯಲ್ಲಿ ಕೆಲಸ ಮಾಡಿದ, ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ ಕೆಲಸ ಮಾಡಿದ, ಅವನ ಕೆಲಸದ ಫಲವನ್ನು ಜಪಾನಿನ ಕಂಪನಿಗಳು ಉಂಡವು. ಮೂರು ವ್ಯವಸ್ಥೆಗಳ ನಡುವೆ ಒಬ್ಬನ ಜಾಣ್ಮೆ ಯಾರ್ಯಾರ ಕೈಗೆ ಹೋಯ್ತು ಅಂತ ನೋಡಿದ್ರೆ 20ನೇ ಶತಮಾನದ ಅರ್ಧ ಕಥೆ ಸಿಗುತ್ತೆ.

ಕಾಡೆನ್ ಹುಟ್ಟಿದ್ದು 1919ರ ಸೆಪ್ಟೆಂಬರ್ 1ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಪೋಬರ್ಸ್‌ಹೌ ಎಂಬ ಊರಿನಲ್ಲಿ. ಸಮೀಪದ ಚೋಪೌನಲ್ಲಿ ಡಿಕೆಡಬ್ಲ್ಯೂ ಅನ್ನೋ ಮೋಟರ್‌ಸೈಕಲ್ ಕಾರ್ಖಾನೆ ಇತ್ತು. 1920ರ ದಶಕದ ಕೊನೆಗೆ ಜಗತ್ತಿನಲ್ಲೇ ಅತಿ ಹೆಚ್ಚು ಮೋಟರ್‌ಸೈಕಲ್ ತಯಾರಿಸುತ್ತಿದ್ದ ಕಂಪನಿ ಅದು. ಕಾಡೆನ್‌ನ ಅಪ್ಪ ಆ ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥನ ಕಾರಿನ ಡ್ರೈವರ್. 1927ರಲ್ಲಿ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್ ಉದ್ಘಾಟನೆಯಾದಾಗ ಎಂಟು ವರ್ಷವೂ ತುಂಬದ ಹುಡುಗ ಅಪ್ಪನ ಜೊತೆ ಅಲ್ಲಿದ್ದ. ಡ್ರೈವರ್ ಮಗನಿಗೆ ಎಂಜಿನ್ ಹುಚ್ಚು ಹತ್ತಿದ್ದರಲ್ಲಿ ವಿಶೇಷವೇನಿಲ್ಲ. ಮುಂದೆ ಕೆಮ್ನಿಟ್ಸ್ ನಗರದಲ್ಲಿ ತಾಂತ್ರಿಕ ಶಿಕ್ಷಣ ಪಡೆದ.

ಆಮೇಲಿನ ಭಾಗವನ್ನು ರೇಸಿಂಗ್ ಪ್ರೇಮಿಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಬಿಡ್ತಾರೆ. ನನಗೆ ಅಲ್ಲೇ ನಿಲ್ಲಬೇಕು ಅನ್ಸುತ್ತೆ.

1940ರಲ್ಲಿ ಕಾಡೆನ್ ಬರ್ಲಿನ್ ಬಳಿಯ ಹೆನ್ಷೆಲ್ ವಿಮಾನ ಕಾರ್ಖಾನೆ ಸೇರಿದ. ಅಲ್ಲಿ ಹರ್ಬರ್ಟ್ ವಾಗ್ನರ್ ಎಂಬ ವಿಜ್ಞಾನಿಯ ತಂಡ ಎಚ್‌ಎಸ್ 293 ಎಂಬ ಹೊಸ ಬಗೆಯ ಬಾಂಬ್ ಮಾಡ್ತಿತ್ತು. ವಿಮಾನದಿಂದ ಬಿಟ್ಟ ಮೇಲೆ ರಾಕೆಟ್ ಬಲದಲ್ಲಿ ಹಾರುವ, ರೇಡಿಯೊ ಮೂಲಕ ಹಡಗಿನ ಕಡೆ ತಿರುಗಿಸಬಹುದಾದ ಬಾಂಬು. 1943ರಿಂದ ಇದೇ ಯೋಜನೆಗಾಗಿ ಕಾಡೆನ್ ಪೀನೆಮ್ಯುಂಡೆಯಲ್ಲಿದ್ದ. ಅಲ್ಲಿ ವಿ-2 ರಾಕೆಟ್ ಕೂಡ ತಯಾರಾಗ್ತಿದ್ದದ್ದರಿಂದ ಆತ ಫಾನ್ ಬ್ರೌನ್‌ನ ಶಿಷ್ಯ ಅಂತ ಎಷ್ಟೋ ಕಡೆ ಬರೆದಿರೋದು ಕಾಣುತ್ತೆ. ಅದು ನಿಜವಲ್ಲ. ಆದರೆ ಅದು ನಿಜವಲ್ಲ ಅನ್ನೋ ಕಾರಣಕ್ಕೆ ಕಾಡೆನ್‌ನ ಕೈ ಶುದ್ಧ ಅಂತಲೂ ಆಗಲ್ಲ.

1943ರ ನವೆಂಬರ್ 26ರಂದು ಅಲ್ಜೀರಿಯಾ ಕರಾವಳಿಯಲ್ಲಿ ರೋಹ್ನಾ ಎಂಬ ಹಡಗಿಗೆ ಇಂಥದೊಂದು ಎಚ್‌ಎಸ್ 293 ಬಡಿಯಿತು. ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಶತ್ರು ದಾಳಿಯಿಂದ ಸಮುದ್ರದಲ್ಲಿ ಅಮೆರಿಕ ಒಂದೇ ಸಲಕ್ಕೆ ಕಳೆದುಕೊಂಡ ಸೈನಿಕರ ಸಂಖ್ಯೆಯಲ್ಲಿ ಅದೇ ದೊಡ್ಡದು ಅಂತ ಲೆಕ್ಕ. ಸರ್ಕಾರ ಆ ಸುದ್ದಿಯನ್ನು ಮುಚ್ಚಿಟ್ಟಿತು. ಇದರ ಜೊತೆ ಇನ್ನೊಂದು ಸಂಗತಿಯಿದೆ: ಆ ಹಡಗು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯದು, ಅದರ ಕೆಲಸಗಾರರಲ್ಲಿ ಬಹುಪಾಲು ನಮ್ಮವರು. ನೂರಕ್ಕೂ ಹೆಚ್ಚು ಭಾರತೀಯ ಖಲಾಸಿಗಳು ಅವತ್ತು ಪ್ರಾಣ ಬಿಟ್ಟರು. ಹಿಟ್ಲರನ ಯುದ್ಧವೂ ಅವರದಲ್ಲ, ಚರ್ಚಿಲ್‌ನ ಸಾಮ್ರಾಜ್ಯವೂ ಅವರದಲ್ಲ. ರೋಹ್ನಾ ಬಗ್ಗೆ ಬರೆಯುವಾಗ ಅಮೆರಿಕನ್ನರ ಸಂಖ್ಯೆ ಮೊದಲು ಬರುತ್ತೆ, ಖಲಾಸಿಗಳದ್ದು ಬಂದರೆ ಬಂತು.

ಆ ಬಾಂಬಿನ ಯಾವ ಭಾಗದಲ್ಲಿ ಕಾಡೆನ್‌ನ ಕೈ ಎಷ್ಟಿತ್ತು ಅನ್ನೋದನ್ನು ಹಿಡಿದು ನ್ಯಾಯತೀರ್ಪು ಕೊಡೋದು ನನ್ನ ಉದ್ದೇಶವಲ್ಲ. ಆತ ದೊಡ್ಡ ತಂಡದಲ್ಲಿದ್ದ ಇಪ್ಪತ್ತರ ಹರೆಯದ ಎಂಜಿನಿಯರ್. ಆದರೆ ಎಂಜಿನಿಯರ್‌ಗೆ ರಾಜಕೀಯ ಇಲ್ಲ, ಆತ ತನ್ನ ಕೆಲಸ ತಾನು ಮಾಡಿಕೊಂಡು ಹೋಗುವವ ಅನ್ನೋ ಮಾತನ್ನು ಇವತ್ತಿಗೂ ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಕೇಳ್ತೀವಲ್ಲ, ಅದಕ್ಕೆ ನನ್ನ ಹತ್ತಿರ ಇರುವ ಉತ್ತರ ಈ ಹಡಗು.

ಯುದ್ಧ ಮುಗಿದಾಗ ಅಮೆರಿಕನ್ನರು ಕಾಡೆನ್‌ನನ್ನು ಕೆಲಕಾಲ ಬಂಧನದಲ್ಲಿಟ್ಟರು. ಅವನ ಜೊತೆಗಿದ್ದ ಎಷ್ಟೋ ಜರ್ಮನ್ ವಿಜ್ಞಾನಿಗಳು, ಖುದ್ದು ವಾಗ್ನರ್ ಸೇರಿ, ಅಮೆರಿಕಕ್ಕೆ ಹೋದರು. ಕಾಡೆನ್ ಊರಿಗೆ ವಾಪಸಾದ. ಆ ಊರು ಈಗ ಸೋವಿಯತ್ ವಲಯದಲ್ಲಿತ್ತು.

ಚೋಪೌನ ಕಾರ್ಖಾನೆಯ ಯಂತ್ರಗಳನ್ನು ಸೋವಿಯತ್ ಸೇನೆ ಯುದ್ಧ ಪರಿಹಾರವೆಂದು ಬಿಚ್ಚಿ ಸಾಗಿಸಿತ್ತು. ಅಲ್ಲಿ ಯುದ್ಧಕ್ಕೆ ಮುಂಚೆ ರೂಪುಗೊಂಡ ಆರ್‌ಟಿ 125 ಎಂಬ ಪುಟ್ಟ ಮೋಟರ್‌ಸೈಕಲ್ಲಿನ ವಿನ್ಯಾಸವನ್ನು ಗೆದ್ದ ದೇಶಗಳು ಹಂಚಿಕೊಂಡವು. ಬ್ರಿಟನ್ನಿನಲ್ಲಿ ಅದು ಬಿಎಸ್‌ಎ ಬ್ಯಾಂಟಮ್ ಆಯ್ತು, ಅಮೆರಿಕದಲ್ಲಿ ಹಾರ್ಲೆ ಡೇವಿಡ್‌ಸನ್ನಿನ 125 ಆಯ್ತು, ಸೋವಿಯತ್ತಿನಲ್ಲಿ ಮಾಸ್ಕ್ವಾ ಆಯ್ತು. ಕಡೆಗೆ 1955ರಲ್ಲಿ ಜಪಾನಿನ ಯಮಹಾ ತನ್ನ ಮೊಟ್ಟಮೊದಲ ಮೋಟರ್‌ಸೈಕಲ್ ವೈಎ-1 ಮಾಡಿದ್ದೂ ಅದನ್ನೇ ನೋಡಿಕೊಂಡು. ಅದರ ವಿನ್ಯಾಸಕಾರ ಹರ್ಮನ್ ವೇಬರ್‌ನನ್ನು ಸೋವಿಯತ್ತಿಗೆ ಕರೆದೊಯ್ದರು, ಆತ ಅಲ್ಲೇ ತೀರಿಕೊಂಡ. ಇದನ್ನು ಯಾರೂ ಕಳ್ಳತನ ಅನ್ನಲ್ಲ. ಗೆದ್ದವರು ತಗೊಂಡರೆ ಅದಕ್ಕೆ ಪರಿಹಾರ ಅಂತ ಹೆಸರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಊರಿಗೆ ಬಂದ ಕಾಡೆನ್ ಹೊಟ್ಟೆಪಾಡಿಗೆ ಮರದ ವ್ಯವಹಾರ ಶುರುಮಾಡಿದ. ಬಾಂಬ್ ದಾಳಿಯಲ್ಲಿ ಮಾಡು ಹಾರಿಹೋಗಿದ್ದ ಮನೆಗಳಿಗೆ ತೊಲೆಗಳು ಬೇಕಿದ್ದವು. ಬಿಡುವಿನಲ್ಲಿ ಒಂದು ಆರ್‌ಟಿ 125 ಬಿಚ್ಚಿ ತಾನೇ ರೇಸ್ ಬೈಕ್ ಮಾಡಿಕೊಂಡು, ತಾನೇ ಓಡಿಸಿದ. ಅದು ಸರ್ಕಾರಿ ಕಾರ್ಖಾನೆಯವರ ಕಣ್ಣಿಗೆ ಬಿತ್ತು. 1953ರಲ್ಲಿ ರೇಸಿಂಗ್ ವಿಭಾಗ ನೋಡಿಕೋ ಅಂತ ಕರೆದರು. ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆಗೆ ಎಂಜೆಡ್ ಅನ್ನೋ ಹೆಸರು ನಿಂತಿತು.

ಇನ್ನು ಪೈಪಿಗೆ ಬರೋಣ. ಟೂ ಸ್ಟ್ರೋಕ್ ಎಂಜಿನ್ನಿಗೆ ಹುಟ್ಟಿನಿಂದ ಒಂದು ದೋಷ. ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿ, ಹೊಸ ಮಿಶ್ರಣ ಒಳಗೆ ಬರುವ ಕಿಂಡಿ, ಎರಡೂ ಒಂದೇ ಹೊತ್ತಿಗೆ ತೆರೆದಿರುತ್ತವೆ. ಬಾಗಿಲಿಂದ ಬಂದ ನೆಂಟರು ಕೂರುವ ಮೊದಲೇ ಹಿತ್ತಲಿಂದ ಎದ್ದು ಹೋದ ಹಾಗೆ, ಹೊಸ ಪೆಟ್ರೋಲ್ ಸುಡದೆಯೇ ಹೊಗೆಯ ಜೊತೆ ಹೊರಟು ಹೋಗುತ್ತೆ. ಇದಕ್ಕೇ ಆ ಕಾಲದ ದೊಡ್ಡ ಎಂಜಿನಿಯರ್‌ಗಳು ಟೂ ಸ್ಟ್ರೋಕ್ ಅಂದ್ರೆ ಬಡವರ ಬಂಡಿ, ರೇಸಿಗೆ ಲಾಯಕ್ಕಿಲ್ಲ ಅಂತ ತಳ್ಳಿಹಾಕಿದ್ದರು.

ಹೊರಗೆ ಹೋದದ್ದನ್ನು ವಾಪಸು ತರಬಹುದು ಅನ್ನೋದು ಕಾಡೆನ್ ಹಿಡಿದ ಎಳೆ. ಹೊಗೆಯ ಕಿಂಡಿ ತೆರೆದಾಗ ಒತ್ತಡದ ಒಂದು ಅಲೆ ಪೈಪಿನೊಳಗೆ ಶಬ್ದದ ವೇಗದಲ್ಲಿ ಓಡುತ್ತೆ. ಪೈಪ್ ನಿಧಾನವಾಗಿ ಅಗಲವಾಗ್ತಾ ಹೋದರೆ ಆ ಅಲೆಯ ಒಂದು ಭಾಗ ಎಳೆಯುವ ಅಲೆಯಾಗಿ ಹಿಂದಿರುಗಿ, ಉಳಿದ ಹೊಗೆಯನ್ನೂ ಒಂದಿಷ್ಟು ಹೊಸ ಮಿಶ್ರಣವನ್ನೂ ಹೊರಗೆ ಸೆಳೆಯುತ್ತೆ. ಆಮೇಲೆ ಪೈಪ್ ಮತ್ತೆ ಕಿರಿದಾದರೆ ಅಲ್ಲಿಂದ ತಳ್ಳುವ ಅಲೆ ಹಿಂದಕ್ಕೆ ಬಂದು, ಹೊರಗೆ ಹೋಗಿದ್ದ ಹೊಸ ಮಿಶ್ರಣವನ್ನು ಕಿಂಡಿ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಸಿಲಿಂಡರಿನೊಳಕ್ಕೆ ದೂಡುತ್ತೆ. ಸಿಲಿಂಡರ್ ತನ್ನ ಅಳತೆಗಿಂತ ಹೆಚ್ಚೇ ತುಂಬಿಕೊಳ್ಳುತ್ತೆ. ಬಾಗಿಲು ಕಾಯೋ ಕೆಲಸ ಸದ್ದಿನದ್ದು. ಆದರೆ ಅಲೆ ಹೋಗಿ ಬರುವ ಹೊತ್ತಿಗೂ ಪಿಸ್ಟನ್ ಏರುವ ಹೊತ್ತಿಗೂ ತಾಳ ಕೂಡಬೇಕು. ಅದು ಕೂಡೋದು ಆರ್‌ಪಿಎಂನ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಮಿನ್ನೆಸೋಟಾದ ಹುಡುಗ ಜೆಟ್, ಕ್ಲಚ್ ಅಂತ ಒದ್ದಾಡೋದು ಇದೇ ಕಾರಣಕ್ಕೆ.

ಪೂರ್ತಿ ಶ್ರೇಯ ಒಬ್ಬನಿಗೇ ಕೊಡೋದು ತಪ್ಪಾಗುತ್ತೆ. ಪಶ್ಚಿಮದ ಡಿಕೆಡಬ್ಲ್ಯೂನಲ್ಲಿ ಎರಿಕ್ ವುಲ್ಫ್ ಎಂಬಾತ ಇಂಥ ಪೈಪನ್ನು ಕಾಡೆನ್‌ಗಿಂತ ಮುಂಚೆ ಬಳಸಿದ್ದ. ಗಾಳಿಯನ್ನು ಒಳಗೆ ಬಿಡುವ ತಿರುಗುವ ತಟ್ಟೆಯ ವಾಲ್ವನ್ನು ಆರ್‌ಟಿ 125ಕ್ಕೆ ಹಾಕಿ ರೇಸ್ ಮಾಡಿದ್ದು ಡೇನಿಯಲ್ ಜಿಮ್ಮರ್‌ಮನ್. ಕಾಡೆನ್ ಮಾಡಿದ್ದೇನು ಅಂದ್ರೆ, ಆಸಿಲೊಸ್ಕೋಪ್ ಇಟ್ಟು ಪೈಪಿನೊಳಗಿನ ಅಲೆಗಳನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿಕೊಂಡು, ಅಂದಾಜನ್ನು ಲೆಕ್ಕವಾಗಿ ಬದಲಿಸಿದ. ಪೈಪು, ವಾಲ್ವು, ಮಿಶ್ರಣ ಒಳಬರಲು ಇನ್ನೊಂದು ಹೆಚ್ಚುವರಿ ಕಿಂಡಿ, ಈ ಮೂರನ್ನೂ ಒಟ್ಟಿಗೆ ಪಳಗಿಸಿದ. ವರ್ಷಗಟ್ಟಲೆ ಪೈಪ್ ಕತ್ತರಿಸಿ, ಬೆಸುಗೆ ಹಾಕಿ, ಅಳೆದು, ಮತ್ತೆ ಕತ್ತರಿಸಿ. 1950ರ ದಶಕದ ಮಧ್ಯದಲ್ಲಿ ಸುಮಾರು 13 ಅಶ್ವಶಕ್ತಿ ಕೊಡ್ತಿದ್ದ 125 ಸಿಸಿ ಎಂಜಿನ್ 1961ರ ಹೊತ್ತಿಗೆ 10,800 ಆರ್‌ಪಿಎಂನಲ್ಲಿ 25 ಅಶ್ವಶಕ್ತಿ ಕೊಟ್ಟಿತು. ಅಂದರೆ ಲೀಟರಿಗೆ 200. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನೊಂದು ಆ ಗಡಿ ಮುಟ್ಟಿದ್ದು ಅದೇ ಮೊದಲು. ಇದು ಆದದ್ದು ಒಳ್ಳೆ ಬೇರಿಂಗ್ ತರಿಸೋಕೂ ವಿದೇಶಿ ಹಣಕ್ಕೆ ಕೈಯೊಡ್ಡಬೇಕಿದ್ದ ದೇಶದ ಒಂದು ಸರ್ಕಾರಿ ವರ್ಕ್‌ಶಾಪಿನಲ್ಲಿ.

1958ರಲ್ಲಿ ಸ್ವೀಡನ್ ಗ್ರ್ಯಾನ್ ಪ್ರೀಯ 250 ಸಿಸಿ ವಿಭಾಗದಲ್ಲಿ ಹಾರ್ಸ್ಟ್ ಫ್ಯೂಗ್ನರ್ ಎಂಜೆಡ್‌ಗೆ ಮೊದಲ ಗೆಲುವು ತಂದ. ಮರುವರ್ಷ ಇಟಲಿಯ ಮೊಂಜಾದಲ್ಲಿ ಎರ್ನ್ಸ್ಟ್ ಡೆಗ್ನರ್ ಗೆದ್ದ. ಈ ಡೆಗ್ನರ್ ಬರೀ ರೈಡರ್ ಅಲ್ಲ, ಎಂಜಿನ್ ಬಲ್ಲವ, ಕಾಡೆನ್ ಜೊತೆ ವರ್ಕ್‌ಶಾಪಿನಲ್ಲಿ ನಿಂತು ಕೆಲಸ ಮಾಡಿದವ.

ಜಪಾನಿನ ಸುಜುಕಿ 1960ರಲ್ಲಿ ಮೊದಲ ಸಲ ಬ್ರಿಟನ್ನಿನ ಐಲ್ ಆಫ್ ಮ್ಯಾನ್ ರೇಸಿಗೆ ಬಂತು. ಅದರ ಟೂ ಸ್ಟ್ರೋಕ್ ಬೈಕುಗಳು ಎಂಜೆಡ್ ಮುಂದೆ ಏನೂ ಅಲ್ಲ. ಎರಡೂ ತಂಡಗಳು ಅಲ್ಲಿ ಉಳಿದುಕೊಂಡಿದ್ದು ಒಂದೇ ಹೋಟೆಲಿನಲ್ಲಿ. ಡೆಗ್ನರ್ ಜೊತೆ ಪರಿಚಯ ಬೆಳೆಯಿತು. 1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಎದ್ದಿತು. ಅದಾಗಿ ಐದು ವಾರಕ್ಕೆ, ಸೆಪ್ಟೆಂಬರ್ 17ರಂದು, ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ರೇಸ್. 125 ಸಿಸಿ ವಿಶ್ವ ಚಾಂಪಿಯನ್‌ಶಿಪ್ ಅಂಕಪಟ್ಟಿಯಲ್ಲಿ ಡೆಗ್ನರ್ ಮುಂದಿದ್ದ. ಕಾಡೆನ್‌ನ ಎಂಟು ವರ್ಷದ ಕೆಲಸಕ್ಕೆ ಫಲ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ರೇಸಿನ ನಡುವೆ ಎಂಜಿನ್ ಕೈಕೊಟ್ಟಿತು. ಅಲ್ಲಿಂದ ಡೆಗ್ನರ್ ಚೋಪೌಗೆ ಮರಳಲೇ ಇಲ್ಲ. ಅದೇ ಹೊತ್ತಿಗೆ ಅವನ ಹೆಂಡತಿ ಮಕ್ಕಳನ್ನು ವಾಹನದಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು.

ಕೆಲವೇ ವಾರಗಳಲ್ಲಿ ಆತ ಜಪಾನಿನ ಹಮಾಮತ್ಸುನಲ್ಲಿ ಸುಜುಕಿಯ ಎಂಜಿನಿಯರ್‌ಗಳ ಮುಂದೆ ಕೂತಿದ್ದ. ಆ ವರ್ಷದ ಪ್ರಶಸ್ತಿ ಹೋಂಡಾದ ಟಾಮ್ ಫಿಲಿಸ್‌ಗೆ ಹೋಯ್ತು. 1962ರಲ್ಲಿ ಸುಜುಕಿ ಬೈಕಿನಲ್ಲಿ ಡೆಗ್ನರ್ 50 ಸಿಸಿ ವಿಶ್ವ ಚಾಂಪಿಯನ್ ಆದ. ಸುಜುಕಿಗೂ ಅದೇ ಮೊದಲ ವಿಶ್ವ ಪ್ರಶಸ್ತಿ. 1963ರಲ್ಲಿ 125 ಸಿಸಿ ಪಟ್ಟವೂ ಸುಜುಕಿಗೆ ಬಂತು. 1964ರಲ್ಲಿ ಯಮಹಾ ತನ್ನ ಟೂ ಸ್ಟ್ರೋಕ್‌ನಲ್ಲಿ 250 ಸಿಸಿ ಗೆದ್ದಿತು. 1975ರಿಂದ 2001ರವರೆಗೆ 500 ಸಿಸಿಯ ಪ್ರತಿಯೊಂದು ವಿಶ್ವ ಪ್ರಶಸ್ತಿ ಟೂ ಸ್ಟ್ರೋಕ್ ಪಾಲಾಯಿತು. ಚೋಪೌಗೆ ಒಂದೂ ರೋಡ್ ರೇಸಿಂಗ್ ವಿಶ್ವ ಚಾಂಪಿಯನ್‌ಶಿಪ್ ಸಿಗಲಿಲ್ಲ.

ಈ ಕಥೆಯನ್ನು ಎರಡು ರೀತಿಯಲ್ಲಿ ಹೇಳೋ ಚಾಳಿಯಿದೆ. ಪಶ್ಚಿಮದವರಿಗೆ ಇದು ಸ್ವಾತಂತ್ರ್ಯದ ಕಥೆ: ಗೋಡೆ ಹಾರಿದ ವೀರ, ಪ್ರತಿಭೆಗೆ ಬೆಲೆ ಕೊಟ್ಟ ಮಾರುಕಟ್ಟೆ. ನಮ್ಮ ಕಡೆಯ ಕೆಲವು ಎಡಪಂಥೀಯ ಗೆಳೆಯರಿಗೆ ಇದು ದ್ರೋಹದ ಕಥೆ: ಬಡ ಸಮಾಜವಾದಿ ದೇಶದ ಬೆವರನ್ನು ಕಾರ್ಪೊರೇಟ್ ಕಂಪನಿ ದುಡ್ಡು ಕೊಟ್ಟು ಕದ್ದದ್ದು. ನಾನು ಎರಡನ್ನೂ ಒಪ್ಪಲ್ಲ.

ಮೊದಲನೆಯದು ಯಾಕೆ ತಪ್ಪು ಅಂದ್ರೆ, ಆ ಎಂಜಿನ್ ಹುಟ್ಟಿದ್ದು ಮಾರುಕಟ್ಟೆಯಲ್ಲಲ್ಲ. ಅದಕ್ಕೆ ಬೇಕಿದ್ದ ಎಂಟು ವರ್ಷದ ತಾಳ್ಮೆ, ಸಂಬಳ, ಲೇತು, ಬೆಸುಗೆಗಾರರು, ಎಲ್ಲ ಸಾರ್ವಜನಿಕ ದುಡ್ಡಿನದ್ದು. ಮಾರುಕಟ್ಟೆ ಬಂದದ್ದು ಹಣ್ಣಾದ ಮೇಲೆ, ಕೀಳೋಕೆ. ಎರಡನೆಯದು ಯಾಕೆ ತಪ್ಪು ಅಂದ್ರೆ, ತನ್ನ ಜನರನ್ನು ಗೋಡೆ ಕಟ್ಟಿ ಒಳಗಿಟ್ಟುಕೊಂಡ ಸರ್ಕಾರವೊಂದು ನಿಷ್ಠೆಯನ್ನು ನಿರೀಕ್ಷಿಸೋದೇ ತಮಾಷೆ. ಹೆಂಡತಿ ಮಕ್ಕಳನ್ನು ಹಾಗೆ ಬಚ್ಚಿಟ್ಟು ಸಾಗಿಸುವ ಪರಿಸ್ಥಿತಿ ತಂದದ್ದು ಸುಜುಕಿ ಅಲ್ಲ, ಪೂರ್ವ ಜರ್ಮನಿಯ ಆಡಳಿತ. ಮತ್ತೆ ಕಳ್ಳತನ ಅನ್ನೋ ಪದ: ಆರ್‌ಟಿ 125 ಅನ್ನು ಮೂರು ಸರ್ಕಾರಗಳು ಹಂಚಿಕೊಂಡಾಗ ಬಾರದ ಪದ ಡೆಗ್ನರ್ ಒಬ್ಬನ ಮೇಲೆ ಮಾತ್ರ ಯಾಕೆ ಬರಬೇಕು?

ಈ ಎರಡೂ ಕಥೆಗಳಲ್ಲಿ ಕಾಡೆನ್ ಕಾಣೆಯಾಗ್ತಾನೆ ಅನ್ನೋದು ನನ್ನ ತಕರಾರು. ಆತ ಓಡಿಹೋಗಲಿಲ್ಲ. ಡೆಗ್ನರ್ ಹೋದ ಮೇಲೆ ಅನುಮಾನದ ಕಣ್ಣು ಅವನ ಮೇಲೂ ಬಿತ್ತು. ನ್ಯಾಟೊ ದೇಶಗಳು ಪೂರ್ವ ಜರ್ಮನ್ನರಿಗೆ ಪ್ರಯಾಣದ ಅನುಮತಿ ಕೊಡಲು ಸತಾಯಿಸಿದ್ದರಿಂದ ಅಲ್ಲಿಯ ಆಟಗಾರರಿಗೆ ಪಶ್ಚಿಮದ ಸ್ಪರ್ಧೆಗಳ ದಾರಿಯೂ ಕಷ್ಟವಾಯಿತು. ಅಂದರೆ ಎರಡೂ ಕಡೆಯಿಂದ ಬೇಲಿ. ಆದರೂ 1963ರಲ್ಲಿ ಬ್ರಿಟನ್ನಿನ ಮೈಕ್ ಹೈಲ್‌ವುಡ್‌ನಂಥ ದಿಗ್ಗಜ ಸ್ಯಾಕ್ಸನ್‌ರಿಂಗ್‌ಗೆ ಬಂದು ಎಂಜೆಡ್ ಹತ್ತಿ 250 ಸಿಸಿ ರೇಸ್ ಗೆದ್ದ. ಕಾಡು ಮೇಡಿನಲ್ಲಿ ಆರು ದಿನ ಓಡಿಸುವ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪೂರ್ವ ಜರ್ಮನಿ ಎಂಜೆಡ್ ಬೈಕುಗಳಲ್ಲಿ 1963ರಿಂದ 1967ರವರೆಗೆ ಸತತ ಐದು ವರ್ಷ ಟ್ರೋಫಿ ಎತ್ತಿತು.

ಸರ್ಕಾರಕ್ಕೆ ರೇಸ್ ಬೇಕಿದ್ದದ್ದು ಪ್ರತಿಷ್ಠೆಗೆ. ಆ ಪ್ರತಿಷ್ಠೆ ತಿರುಗುಬಾಣ ಆದದ್ದೂ ಇದೆ. 1971ರಲ್ಲಿ ಸ್ಯಾಕ್ಸನ್‌ರಿಂಗ್‌ನಲ್ಲಿ ಪಶ್ಚಿಮ ಜರ್ಮನಿಯ ಡೀಟರ್ ಬ್ರೌನ್ ಗೆದ್ದಾಗ, ನೆರೆದಿದ್ದ ಪೂರ್ವದ ಜನ ಪಶ್ಚಿಮದ ರಾಷ್ಟ್ರಗೀತೆಗೆ ದನಿಗೂಡಿಸಿದರು. 1972ರ ನಂತರ ಜರ್ಮನಿ ಒಂದಾಗುವವರೆಗೂ ಅಲ್ಲಿ ವಿಶ್ವ ಚಾಂಪಿಯನ್‌ಶಿಪ್ ರೇಸ್ ನಡೆಯಲಿಲ್ಲ. 1970ರ ದಶಕದ ಮಧ್ಯದ ಹೊತ್ತಿಗೆ ಎಂಜೆಡ್ ಕೂಡ ರೋಡ್ ರೇಸಿಂಗ್‌ನಿಂದ ಹಿಂದೆ ಸರಿದಿತ್ತು. ಅಷ್ಟರಲ್ಲಿ 13 ಗ್ರ್ಯಾನ್ ಪ್ರೀ ಗೆಲುವುಗಳು ಅದರ ಲೆಕ್ಕದಲ್ಲಿದ್ದವು.

ಹಿಮದ ಬಂಡಿಗೆ ಈ ಪೈಪ್ ಬಂದದ್ದು ಹೇಗೆ? ಕ್ವಿಬೆಕ್‌ನ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆ 1959ರಲ್ಲಿ ಸ್ಕೀ-ಡೂ ಬಿಟ್ಟಾಗ ಅದರಲ್ಲಿದ್ದದ್ದು ಫೋರ್ ಸ್ಟ್ರೋಕ್ ಎಂಜಿನ್. ಆಳದ ಹಿಮದಲ್ಲಿ ತೂಕ ಅಂದ್ರೆ ಶತ್ರು, ಹಾಗಾಗಿ ಹಗುರವಾದ ಟೂ ಸ್ಟ್ರೋಕ್ ಬೇಗನೆ ಜಾಗ ಹಿಡಿಯಿತು. ಸ್ಕೀ-ಡೂಗೆ ಎಂಜಿನ್ ಕೊಟ್ಟ ಆಸ್ಟ್ರಿಯಾದ ರೋಟಾಕ್ಸ್ ಕಂಪನಿ 1920ರಲ್ಲಿ ಹುಟ್ಟಿದ್ದು ಡ್ರೆಸ್ಡನ್‌ನಲ್ಲಿ, ಅಂದರೆ ಕಾಡೆನ್‌ನ ಸ್ಯಾಕ್ಸನಿಯಲ್ಲೇ. ಇದು ಕಾಕತಾಳೀಯ, ಆದರೂ ಹೇಳದೆ ಇರೋಕೆ ಮನಸ್ಸಾಗಲಿಲ್ಲ. 1968ರಲ್ಲಿ ಯಮಹಾ ತನ್ನದೇ ಸ್ನೋಮೊಬೈಲ್ ತಂತು. 1970ರ ದಶಕದಿಂದ ಮಿನ್ನೆಸೋಟಾದ ಆರ್ಕ್ಟಿಕ್ ಕ್ಯಾಟ್ ಕಂಪನಿಯ ಬಂಡಿಗಳಿಗೆ ಎಂಜಿನ್ ಮಾಡಿಕೊಟ್ಟದ್ದು, ಹೌದು, ಸುಜುಕಿ. ರೇಸ್ ಟ್ರ್ಯಾಕಿನಲ್ಲಿ ಪಳಗಿದ ಕೋನ್ ಆಕಾರದ ಪೈಪು ಹಿಮದ ಮೇಲೂ ಸಾಮಾನ್ಯವಾಯಿತು. ಚೋಪೌನಿಂದ ಹಮಾಮತ್ಸು, ಅಲ್ಲಿಂದ ಮಿನ್ನೆಸೋಟಾ.

ನಮ್ಮ ಊರಿಗೂ ಅದೇ ದಾರಿಯಲ್ಲಿ ಬಂತು. ಮೈಸೂರಿನ ಐಡಿಯಲ್ ಜಾವಾ 1960ರ ದಶಕದಿಂದ ಮಾಡಿದ ಟೂ ಸ್ಟ್ರೋಕ್ ಬೈಕುಗಳು ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಕೊಡುಗೆ, ಅದು ಬೇರೆ ಕವಲು. ಆದರೆ 1980ರ ದಶಕದಲ್ಲಿ ಹೊಸೂರಿನಲ್ಲಿ ಸುಜುಕಿ ಜೊತೆಗಿನ ತಂತ್ರಜ್ಞಾನ ಒಪ್ಪಂದದಲ್ಲಿ ಬೈಕುಗಳು ತಯಾರಾದವು, 1985ರಲ್ಲಿ ಆರ್‌ಎಕ್ಸ್ 100 ಬಂತು. ನಾವು ಜಪಾನಿಗೆ ದುಡ್ಡು ಕಟ್ಟಿ ಪಡೆದ ಜ್ಞಾನದ ಒಂದು ಬೇರು ಚೋಪೌನ ಆ ವರ್ಕ್‌ಶಾಪಿನಲ್ಲಿತ್ತು. ಅಲ್ಲಿನ ಬೆಸುಗೆಗಾರರಿಗೆ ಅದರಲ್ಲಿ ಬಿಡಿಗಾಸೂ ಹೋಗಲಿಲ್ಲ. ಬೆಂಗಳೂರಿನಲ್ಲಿ ಆರ್‌ಎಕ್ಸ್ ರಿಪೇರಿಗೆ ಹೆಸರಾದ ಒಬ್ಬ ಮೆಕ್ಯಾನಿಕ್ ಅಣ್ಣನ ಗ್ಯಾರೇಜಿನಲ್ಲಿ ನಾನು ಗಂಟೆಗಟ್ಟಲೆ ಕೂತು ನೋಡಿದ್ದೀನಿ. ಎಕ್ಸ್‌ಪಾನ್ಷನ್ ಚೇಂಬರ್ ಹಾಕಿದ ಬೈಕಿಗೆ ಜೆಟ್ ಬದಲಿಸಿ, ಒಂದು ಸುತ್ತು ಓಡಿಸಿ ಬಂದು, ಪ್ಲಗ್ ಬಿಚ್ಚಿ ಬೆಳಕಿಗೆ ಹಿಡೀತಾನೆ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲ್ತಿಲ್ಲ, ಕಪ್ಪಗೆ ಜಿಡ್ಡಾಗಿದ್ದರೆ ಜಾಸ್ತಿಯಾಯ್ತು, ಕಾಫಿ ಬಣ್ಣ ಬಂದರೆ ಸರಿ. ಅವನಿಗೆ ಕಾಡೆನ್ ಹೆಸರು ಗೊತ್ತಿಲ್ಲ. ಅವನ ಹೆಸರೂ ಯಾವ ಪುಸ್ತಕದಲ್ಲೂ ಬರಲ್ಲ.

ಈ ಪೈಪನ್ನು ಹೊಗಳುವಾಗ ಹೊಗೆಯನ್ನು ಮರೆಯೋ ಹಾಗಿಲ್ಲ. ಕಾಡೆನ್ ವಾಪಸು ತಳ್ಳಿದ್ದು ಹೊರಗೆ ಹೋದ ಪೆಟ್ರೋಲಿನ ಒಂದು ಭಾಗವನ್ನು ಮಾತ್ರ. ತಾಳ ತಪ್ಪಿದ ಆರ್‌ಪಿಎಂನಲ್ಲಿ ಬಹಳಷ್ಟು ಹಾಗೇ ಗಾಳಿಗೆ ಹೋಗುತ್ತೆ, ಜೊತೆಗೆ ಎಣ್ಣೆಯ ಹೊಗೆ ಬೇರೆ. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಚಳಿಗಾಲದ ಸ್ನೋಮೊಬೈಲ್ ದಟ್ಟಣೆ ಎಷ್ಟಾಯ್ತು ಅಂದ್ರೆ, ಗೇಟಿನಲ್ಲಿ ಟಿಕೆಟ್ ಕೊಡುವ ಸಿಬ್ಬಂದಿ ಉಸಿರಾಟದ ಮಾಸ್ಕ್ ಹಾಕಿಕೊಂಡು ಕೂರಬೇಕಾಯ್ತು. ಕ್ಲಿಂಟನ್ ಸರ್ಕಾರ ಹೋಗುವ ಮುನ್ನ ಅವನ್ನು ಹಂತಹಂತವಾಗಿ ನಿಲ್ಲಿಸುವ ನಿಯಮ ತಂದಿತು, ಬುಷ್ ಸರ್ಕಾರ ಅದನ್ನು ತಿರುಗಿಸಿತು, ವರ್ಷಗಟ್ಟಲೆ ಕೋರ್ಟು ಕಚೇರಿ ನಡೆಯಿತು. ಯಾರದೋ ಭಾನುವಾರದ ಮೋಜಿಗೆ ಇನ್ನಾರದೋ ಶ್ವಾಸಕೋಶ ಬೆಲೆ ತೆರೋದು ನಮ್ಮ ಟ್ರಾಫಿಕ್ ಪೊಲೀಸರಿಗೂ ಹೊಸದಲ್ಲ.

ಡೆಗ್ನರ್ ಕಥೆ ಸುಖವಾಗಿ ಮುಗಿಯಲಿಲ್ಲ. 1963ರಲ್ಲಿ ಜಪಾನಿನ ಸುಜುಕಾ ಟ್ರ್ಯಾಕಿನಲ್ಲಿ ಬಿದ್ದು ಬೈಕಿಗೆ ಬೆಂಕಿ ಹತ್ತಿ ಮುಖ ಮೈ ಸುಟ್ಟುಕೊಂಡ. ಎಷ್ಟೋ ಸಲ ಚರ್ಮದ ಕಸಿ ಆಯ್ತು. 1983ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ತೀರಿಕೊಂಡ. ಸುಜುಕಾದ ಒಂದು ತಿರುವಿಗೆ ಅವನ ಹೆಸರಿದೆ, ಫಾರ್ಮುಲಾ ಒನ್ ನೋಡುವವರು ಪ್ರತಿ ವರ್ಷ ಆ ಹೆಸರು ಕೇಳ್ತಾರೆ.

ಕಾಡೆನ್ ಚೋಪೌ ಸೀಮೆಯಲ್ಲೇ ಉಳಿದ. 1989ರಲ್ಲಿ ಗೋಡೆ ಬಿತ್ತು. ದೇಶ ಒಂದಾದ ಮೇಲೆ ಎಂಜೆಡ್ ಕೂಡ ಪೂರ್ವದ ಉಳಿದ ಸರ್ಕಾರಿ ಕಾರ್ಖಾನೆಗಳ ಹಾಗೆ ಖಾಸಗೀಕರಣದ ಸಂತೆಗೆ ಬಂತು. ಪೂರ್ವದ ಗಿರಾಕಿಗಳ ಕೈಯಲ್ಲಿ ಪಶ್ಚಿಮದ ಮಾರ್ಕ್ ಬಂದ ಕೂಡಲೇ ಟೂ ಸ್ಟ್ರೋಕ್ ಬೈಕ್ ಕೊಳ್ಳುವವರಿಲ್ಲವಾದರು, ಕಾರ್ಮಿಕರಲ್ಲಿ ಬಹುಪಾಲು ಜನ ಮನೆಗೆ ಹೋದರು. ಅವನ ಕಣ್ಣೆದುರೇ ಇದೆಲ್ಲ ನಡೆಯಿತು. 1996ರ ಮಾರ್ಚ್ 3ರಂದು, 76ನೇ ವಯಸ್ಸಿನಲ್ಲಿ, ಕಾಡೆನ್ ಸತ್ತ. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆ ನಿಂತಿತು, ಮೈಸೂರಿನ ಐಡಿಯಲ್ ಜಾವಾ ಕೂಡ ಬಾಗಿಲು ಹಾಕಿತು.